ರಾಸಿನ ಹಲ್ಲು ಹಿಡಿದು ವಯಸ್ಸು ಹೇಳುವುದು ಹೇಗೆ

ದನಗಳ ಜಾತ್ರೆ ಕಾಲ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಹಸು ಎರಡನೇ ಸೂಲು, ಅಂದ್ರೆ ಎರಡನೇ ಕರು ಹಾಕಿದ್ದು ಅಂತಾರೆ, ಹಲ್ಲು ನೋಡಿದ್ರೆ ಎಂಟೂ ಬಂದು ಬಾಯ್ಗೂಡಿದೆ. ನಂಬಬಹುದಾ?" "ಹೋರಿ ಆರು ಹಲ್ಲು ಅಂತ ರೇಟು ಹೇಳ್ತಿದಾರೆ, ಎಷ್ಟು ವರ್ಷ ಅಂತ ಲೆಕ್ಕ?" ಜೊತೆಗೆ ಮೊಬೈಲಿನಲ್ಲಿ ತೆಗೆದ ಒಂದು ಮಸುಕು ಫೋಟೊ. ಅದರಲ್ಲಿ ತುಟಿ ಕಾಣುತ್ತದೆ, ಜೊಲ್ಲು ಕಾಣುತ್ತದೆ, ಹಲ್ಲು ಕಾಣುವುದಿಲ್ಲ. ರಾಮನಾಥಪುರ, ಬೂಕನಬೆಟ್ಟದ ಜಾತ್ರೆಗೆ ಹೊರಟವರಿಗೂ, ಊರಲ್ಲೇ ಹಸು ಕೊಳ್ಳುವವರಿಗೂ, ಇನ್ಶೂರೆನ್ಸ್ ಮಾಡಿಸುವವರಿಗೂ ಉಪಯೋಗವಾಗಲಿ ಎಂದು ಕ್ರಮವನ್ನು ಇಲ್ಲಿ ಬರೆದಿದೆ.

ಮೊದಲೇ ಒಂದು ಮಾತು. ಹಲ್ಲು ಹುಟ್ಟಿದ ತಾರೀಖು ಹೇಳುವುದಿಲ್ಲ, "ಇಷ್ಟರಿಂದ ಇಷ್ಟರೊಳಗೆ" ಎಂದಷ್ಟೇ ಹೇಳುತ್ತದೆ. ಎರಡರಿಂದ ಐದು ವರ್ಷದವರೆಗೆ ಆ ಅಂತರ ಕಿರಿದು, ಆರು ತಿಂಗಳು ಆಚೀಚೆ. ಅಲ್ಲಿಂದ ಒಂಬತ್ತು–ಹತ್ತರವರೆಗೆ ಒಂದೆರಡು ವರ್ಷ ಆಚೀಚೆ. ಹತ್ತು ದಾಟಿದ ಮೇಲೆ "ವಯಸ್ಸಾಗಿದೆ" ಎನ್ನುವುದಕ್ಕಿಂತ ಹೆಚ್ಚು ಯಾರು ಹೇಳಿದರೂ ಅದು ಬಾಯಿಮಾತು. ಹಲ್ಲು ನೋಡಿ "ಏಳು ವರ್ಷ ಮೂರು ತಿಂಗಳು" ಎನ್ನುವವರಿಂದ ದೂರವಿರಿ.

ಬಾಯೊಳಗೆ ಏನೇನಿದೆ

ಹಸು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಮುಂದಿನ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ. ಮೇಲೆ ಹಲ್ಲಿನ ಬದಲು ಗಟ್ಟಿಯಾದ ವಸಡಿನ ಮೆತ್ತೆ. ಕೆಳಗಿನ ಎಂಟು ಬಾಚಿ ಹಲ್ಲನ್ನು ನಾಲ್ಕು ಜೋಡಿಯಾಗಿ ಲೆಕ್ಕ ಹಾಕಬೇಕು: ನಟ್ಟನಡುವಿನ ಜೋಡಿ, ಅದರ ಅಕ್ಕಪಕ್ಕದ ಎರಡನೇ ಜೋಡಿ, ಮೂರನೇ ಜೋಡಿ, ಎರಡೂ ತುದಿಯ ಕಡೆಹಲ್ಲು. ಅದರ ಹಿಂದೆ ಹಲ್ಲೇ ಇಲ್ಲದ ಖಾಲಿ ಜಾಗ. ಆಮೇಲೆ ಮೇಲೂ ಕೆಳಗೂ ದವಡೆ ಹಲ್ಲುಗಳು. ಬೆಳೆದ ರಾಸಿಗೆ ಒಟ್ಟು 32 ಹಲ್ಲು, ಕರುವಿಗೆ 20 ಹಾಲುಹಲ್ಲು. ವಯಸ್ಸಿಗೆ ನಾವು ನೋಡುವುದು ಮುಂದಿನ ಎಂಟನ್ನು ಮಾತ್ರ.

ಹಾಲುಹಲ್ಲು ಬಿದ್ದು ಶಾಶ್ವತ ಹಲ್ಲು ಬರುವುದು ನಡುವಿನಿಂದ ತುದಿಯ ಕಡೆಗೆ, ಜೋಡಿ ಜೋಡಿಯಾಗಿ. "ಎರಡು ಹಲ್ಲು", "ನಾಲ್ಕು ಹಲ್ಲು" ಅಂದರೆ ಬಾಯಲ್ಲಿ ಅಷ್ಟೇ ಹಲ್ಲಿದೆ ಎಂದಲ್ಲ, ಅಷ್ಟು ಶಾಶ್ವತ ಹಲ್ಲು ಬಂದಿದೆ ಎಂದು. ಎಂಟೂ ಬಂದು ಸಾಲು ತುಂಬಿದರೆ ಬಾಯ್ಗೂಡಿದ ರಾಸು. ಹೊಸಬರು ಒಟ್ಟು ಹಲ್ಲು ಎಣಿಸಿ "ಎಂಟು ಹಲ್ಲು" ಎಂದುಬಿಡುತ್ತಾರೆ. ಒಂದು ವರ್ಷದ ಕರುವಿಗೂ ಮುಂದೆ ಎಂಟೇ ಹಲ್ಲು!

ಬೇಕಾದದ್ದು

ರಾಸು ಹಿಡಿಯಲು ಅದಕ್ಕೆ ಒಗ್ಗಿದ ಒಬ್ಬರು, ಗಟ್ಟಿ ಹಗ್ಗ, ಒಂದು ಚೊಂಬು ನೀರು, ಹಳೆ ಬಟ್ಟೆ, ಟಾರ್ಚು, ಸೋಪು. ಬರೆದುಕೊಳ್ಳಲು ಚೀಟಿ ಪೆನ್ನು. ಕೈಗವಸು ಇದ್ದರೆ ಒಳ್ಳೆಯದು, ಪಶು ಆಸ್ಪತ್ರೆಗಳಲ್ಲಿ ಬಳಸುವ ತೆಳು ಗವಸೇ ಸಾಕು.

ಹಂತ 1: ಬಾಯಿಗೆ ಕೈ ಹಾಕುವ ಮುನ್ನ ದೂರದಿಂದ ನೋಡಿ

ರಾಸು ಜೊಲ್ಲು ಸುರಿಸುತ್ತಿದ್ದರೆ, ನೀರು ಮೇವು ನುಂಗಲು ಆಗದೆ ಗಂಟಲಲ್ಲಿ ಏನೋ ಸಿಕ್ಕಿದಂತೆ ಒದ್ದಾಡುತ್ತಿದ್ದರೆ, ದನಿ ಬದಲಾಗಿ ಒಂದೇ ಸಮ ಕೂಗುತ್ತಿದ್ದರೆ ಕೈ ಹಾಕಲೇಬೇಡಿ. ಹುಚ್ಚುನಾಯಿ ಕಚ್ಚಿದ ರಾಸು ಹೀಗೇ ಕಾಣುತ್ತದೆ, ಅದರ ಜೊಲ್ಲು ಕೈಯ ಸಣ್ಣ ಗಾಯಕ್ಕೆ ತಾಗಿದರೂ ಪ್ರಾಣಕ್ಕೆ ಅಪಾಯ. ಗೊತ್ತಿಲ್ಲದೆ ಮುಟ್ಟಿದ್ದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಜೊಲ್ಲಿನ ಜೊತೆ ಕುಂಟುವುದೂ ಇದ್ದರೆ ಕಾಲುಬಾಯಿ ಜ್ವರ ಇರಬಹುದು. ಅದು ಮನುಷ್ಯರಿಗೆ ತೊಂದರೆ ಮಾಡದಿದ್ದರೂ ನಿಮ್ಮ ಕೈಯಿಂದ ಮುಂದಿನ ರಾಸಿಗೆ, ಅಲ್ಲಿಂದ ಮನೆ ಕೊಟ್ಟಿಗೆಗೆ ಹೋಗುತ್ತದೆ. ಜಾತ್ರೆಯಲ್ಲಿ ಒಂದು ರಾಸಿನ ಬಾಯಿಂದ ಇನ್ನೊಂದರ ಬಾಯಿಗೆ ಕೈ ತೊಳೆಯದೆ ಹೋಗುವ ಅಭ್ಯಾಸ ನಮ್ಮಲ್ಲಿ ತೀರಾ ಸಾಮಾನ್ಯ, ತೀರಾ ಕೆಟ್ಟದ್ದು ಕೂಡ.

ಹಂತ 2: ಹಿಡಿದು ನಿಲ್ಲಿಸುವುದು

ಎದುರಿಗೆ ನಿಲ್ಲಬೇಡಿ. ರಾಸಿನ ಭುಜದ ಪಕ್ಕ, ಅದರ ಮುಖ ನೋಡುವ ದಿಕ್ಕಿಗೇ ನೀವೂ ಮುಖ ಮಾಡಿ ನಿಲ್ಲಿ. ಮೂಗುದಾರ ಇದ್ದರೆ ಅದನ್ನು ಹಿಡಿದು ತಲೆಯನ್ನು ಸ್ವಲ್ಪ ಮೇಲಕ್ಕೆ, ನಿಮ್ಮ ಕಡೆಗೆ ತಿರುಗಿಸಿ. ಮೂಗುದಾರ ಇಲ್ಲದ ಸೀಮೆಹಸುವಿಗೆ ಮುಖಕ್ಕೆ ಹಗ್ಗ ಹಾಕಿ ಗೂಟಕ್ಕೆ ಗಿಡ್ಡವಾಗಿ ಕಟ್ಟಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಹೊಳ್ಳೆಗೂ ಹಾಕಿ ನಡುವಿನ ಮೃದು ಗೋಡೆಯನ್ನು ಹಿಡಿಯಿರಿ. ಉಗುರು ಕತ್ತರಿಸಿರಬೇಕು. ಮೊಂಡು ಮಾಡುವುದನ್ನು ಪಶು ಆಸ್ಪತ್ರೆಯ ಟ್ರಾವಿಸ್ ಕಂಬದೊಳಗೆ, ಅಂದರೆ ರಾಸು ಕದಲದಂತೆ ಹಿಡಿದಿಡುವ ಕಂಬಗಳ ಚೌಕಟ್ಟಿನಲ್ಲಿ, ನಿಲ್ಲಿಸಿಯೇ ನೋಡಬೇಕು.

ಅಜ್ಜಂಪುರ, ಬೀರೂರು ಕಡೆಯ ಅಮೃತ ಮಹಲ್ ರಾಸುಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕಾವಲಿನಲ್ಲಿ, ಅಂದರೆ ಮೀಸಲು ಹುಲ್ಲುಗಾವಲಿನಲ್ಲಿ, ಮೇಯ್ದು ಬೆಳೆದವು ಪರಿಚಯವಿಲ್ಲದವರನ್ನು ಹತ್ತಿರ ಬಿಡುವುದಿಲ್ಲ, ಚೂಪಾದ ಉದ್ದ ಕೊಂಬು ತಲೆ ಒಮ್ಮೆ ಕೊಡವಿದರೆ ಸಾಕು, ಪಕ್ಕದಲ್ಲಿ ನಿಂತವರಿಗೂ ತಾಗುತ್ತದೆ. ಪಳಗಿಸಿದವರು ಹಿಡಿಯದೆ ಇವುಗಳ ಬಾಯಿ ನೋಡಲು ಹೋಗಬೇಡಿ. ಓಡಿಸಿಕೊಂಡು ಬಂದ, ಲಾರಿಯಿಂದ ಆಗತಾನೆ ಇಳಿಸಿದ ರಾಸನ್ನೂ ಅರ್ಧ ಗಂಟೆ ನೆರಳಲ್ಲಿ ಬಿಟ್ಟು ಆಮೇಲೆ ನೋಡಿ.

ಹಂತ 3: ತುಟಿ ಬಿಡಿಸಿ ತೊಳೆದು ನೋಡುವುದು

ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳತುಟಿಯನ್ನು ಕೆಳಕ್ಕೆ ಒತ್ತಿ. ಎಂಟೂ ಹಲ್ಲಿನ ಮುಂಭಾಗ ಕಾಣುತ್ತದೆ. ಹಲ್ಲು ಎಷ್ಟು ಬಂದಿದೆ ಎಂದು ತಿಳಿಯಲು ಇಷ್ಟೇ ಸಾಕು. ಮೆಲುಕಿನ ಹಸಿರು, ಮಣ್ಣು ಅಂಟಿದ್ದರೆ ನೀರು ಹಾಕಿ ಬಟ್ಟೆಯಲ್ಲಿ ಒರೆಸಿ. ಕೊಳೆ ಕಟ್ಟಿದ ಹಾಲುಹಲ್ಲು ಶಾಶ್ವತ ಹಲ್ಲಿನ ಹಾಗೆಯೇ ಹಳದಿಯಾಗಿ ಕಾಣುತ್ತದೆ.

ಹಲ್ಲಿನ ಮೇಲ್ಮೈ ಸವೆದಿರುವುದನ್ನು ನೋಡಬೇಕಾದರೆ ಬಾಯಿ ತೆರೆಸಬೇಕು. ಬಾಯಿಯ ಪಕ್ಕದಿಂದ, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಕೈ ತೂರಿಸಿ ನಾಲಿಗೆಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ತಂದರೆ ಬಾಯಿ ತಾನೇ ತೆರೆದುಕೊಳ್ಳುತ್ತದೆ. ನಾಲಿಗೆ ಜಗ್ಗಬೇಡಿ, ಅದರ ಅಡಿಯ ನರ ಹರಿದರೆ ಮೇವು ತಿನ್ನುವುದೇ ನಿಲ್ಲುತ್ತದೆ. ಬೆರಳು ಒಳಗೆ, ದವಡೆ ಹಲ್ಲಿನವರೆಗೆ ಹೋಗಕೂಡದು. ಮುಂದೆ ಮೇಲ್ಹಲ್ಲಿಲ್ಲವೆಂದು ಧೈರ್ಯ ಮಾಡಿದವರ ಬೆರಳು ಜಜ್ಜಿಹೋಗುವುದು ಹಿಂದೆ.

ದಲ್ಲಾಳಿ ಬಾಯಿ ಬಿಡಿಸಿ ತೋರಿಸುವುದನ್ನಷ್ಟೇ ನೋಡಿ ಒಪ್ಪಬೇಡಿ. ಎರಡು ಸೆಕೆಂಡಿನಲ್ಲಿ ತುಟಿ ಬಿಟ್ಟುಬಿಡುತ್ತಾರೆ, ಹಿಡಿದ ಬೆರಳು ಕಡೆಹಲ್ಲಿನ ಮೇಲೆಯೇ ಕೂತಿರುತ್ತದೆ. ನೀವೇ ಹಿಡಿದು, ಎರಡೂ ತುದಿ ನೋಡಿ.

ಹಂತ 4: ಹಾಲುಹಲ್ಲು ಯಾವುದು, ಶಾಶ್ವತ ಹಲ್ಲು ಯಾವುದು

ಇಡೀ ಕೆಲಸ ನಿಂತಿರುವುದು ಈ ಒಂದು ಗುರುತಿನ ಮೇಲೆ. ಹಾಲುಹಲ್ಲು ಚಿಕ್ಕದು, ಬೆಳ್ಳಗೆ, ನುಣುಪು. ವಸಡಿನ ಹತ್ತಿರ ಸಣ್ಣದಾಗಿ ಮೇಲೆ ಅಗಲವಾಗುತ್ತದೆ, ಕುತ್ತಿಗೆ ಎದ್ದು ಕಾಣುತ್ತದೆ. ಶಾಶ್ವತ ಹಲ್ಲು ಅದಕ್ಕಿಂತ ಬಹಳ ಅಗಲ, ಬಣ್ಣ ಕೆನೆಯ ಹಾಗೆ ತುಸು ಹಳದಿ. ಮುಂಭಾಗದಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಗೆರೆಗಳಿರುತ್ತವೆ, ಉಗುರಿನಿಂದ ಅಡ್ಡ ಎಳೆದರೆ ಗೊತ್ತಾಗುತ್ತದೆ. ಹೊಸದರ ಅಂಚು ಹರಿತ.

ನಾಲ್ಕು ಹಲ್ಲಿನ ಬಾಯನ್ನು ಎದುರಿನಿಂದ ನೋಡಿ. ನಡುವೆ ನಾಲ್ಕು ದೊಡ್ಡ ಹಲ್ಲು ಒತ್ತಾಗಿ, ಒಂದರ ಅಂಚು ಇನ್ನೊಂದರ ಮೇಲೆ ಕೊಂಚ ಹತ್ತಿ ನಿಂತಿರುತ್ತದೆ. ಅದರ ಎರಡು ಬದಿಗೆ ಎರಡೆರಡು ಪುಟ್ಟ ಹಲ್ಲು, ದೊಡ್ಡದರ ಅರ್ಧದಷ್ಟೂ ಇಲ್ಲ, ನಡುವೆ ಸಂದು. ಆ ಗಾತ್ರದ ಜಿಗಿತ ಒಮ್ಮೆ ಕಣ್ಣಿಗೆ ಕೂತರೆ ಮತ್ತೆ ತಪ್ಪುವುದಿಲ್ಲ. ಜಿಗಿತವೇ ಇಲ್ಲದೆ ಎಂಟೂ ಒಂದೇ ಅಳತೆಯ ಸಣ್ಣವಾದರೆ ಹಾಲುಹಲ್ಲಿನ ರಾಸು, ಎಂಟೂ ದೊಡ್ಡವಾದರೆ ಬಾಯ್ಗೂಡಿದ್ದು.

ಹಂತ 5: ಜೋಡಿ ಎಣಿಸಿ ವಯಸ್ಸಿಗೆ ತಿರುಗಿಸುವುದು

ಇಲ್ಲಿ ತಳಿ ಮುಖ್ಯ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್), ಜರ್ಸಿ ಮಿಶ್ರತಳಿ ಬೇಗ ಹಲ್ಲು ಹಾಕುತ್ತದೆ, ಹಳ್ಳಿಕಾರ್, ಅಮೃತ ಮಹಲ್, ಮಲೆನಾಡು ಗಿಡ್ಡದಂಥ ನಾಟಿ ರಾಸು ತಡವಾಗಿ, ಎಮ್ಮೆ ಇನ್ನೂ ತಡವಾಗಿ. ಎಲ್ಲಕ್ಕೂ ಒಂದೇ ಲೆಕ್ಕ ಹಾಕುವುದರಿಂದಲೇ ಅರ್ಧ ಜಗಳ ಹುಟ್ಟುವುದು.

ಎರಡು ಹಲ್ಲು: ಮಿಶ್ರತಳಿಗೆ ಸುಮಾರು 2 ವರ್ಷ, ಒಂದೆರಡು ತಿಂಗಳು ಮೊದಲೂ ಬರಬಹುದು. ನಾಟಿಗೆ 2ರಿಂದ 2½. ಎಮ್ಮೆಗೆ 2½ರಿಂದ 3.

ನಾಲ್ಕು ಹಲ್ಲು: ಮಿಶ್ರತಳಿಗೆ 2½ರ ಆಸುಪಾಸು, ನಾಟಿಗೆ 3ರಿಂದ 3½, ಎಮ್ಮೆಗೆ 3½ರ ಸುತ್ತ.

ಆರು ಹಲ್ಲು: ಮಿಶ್ರತಳಿಗೆ 3ರಿಂದ 3½, ನಾಟಿಗೆ 4ರ ಆಸುಪಾಸು, ಎಮ್ಮೆಗೆ 4ರಿಂದ 4½.

ಬಾಯ್ಗೂಡಿದ್ದು: ಮಿಶ್ರತಳಿಗೆ 3½ರಿಂದ 4½, ನಾಟಿಗೆ 4½ರಿಂದ 5, ಎಮ್ಮೆಗೆ 5 ದಾಟಿ.

ಇವು ಹಲ್ಲು ವಸಡು ಸೀಳಿ ಮೇಲೆ ಬರುವ ವಯಸ್ಸು. ಬಂದ ಹಲ್ಲು ಪಕ್ಕದ್ದರ ಎತ್ತರಕ್ಕೆ ಏರಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಆದ್ದರಿಂದ "ನಾಲ್ಕು ಹಲ್ಲು" ಎಂದು ಬರೆದು ನಿಲ್ಲಿಸಬೇಡಿ, ಎರಡನೇ ಜೋಡಿ ಈಗಷ್ಟೇ ಇಣುಕುತ್ತಿದೆಯೋ, ಪೂರ್ತಿ ಎದ್ದಿದೆಯೋ ಅದನ್ನೂ ಬರೆಯಿರಿ. ನಾಟಿ ಹೋರಿಯಲ್ಲಿ ಪೂರ್ತಿ ಎದ್ದ ನಾಲ್ಕು ಹಲ್ಲು, ಅಲುಗಾಡುವ ಮೂರನೇ ಜೋಡಿ ಹಾಲುಹಲ್ಲು ಕಂಡರೆ ಅದು ನಾಲ್ಕು ವರ್ಷಕ್ಕೆ ಹತ್ತಿರವಿದೆ. ಮೂರು, ಐದು ಎಂದು ಬೆಸ ಸಂಖ್ಯೆ ಬಂದರೆ ಗಾಬರಿ ಬೇಡ. ಒಂದು ಬದಿಯದು ಕೆಲವು ವಾರ ಮುಂಚೆ ಬರುವುದುಂಟು.

ಮೇವು ಸಾಲದೆ, ಹುಳು ಹತ್ತಿ ಬಡಕಲಾಗಿ ಬೆಳೆದ ಕರು ಹಲ್ಲು ಹಾಕುವುದೂ ತಡ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯ ಮಲೆನಾಡು ಗಿಡ್ಡದಲ್ಲಿ ಇದರ ತಿರುಗಾಮುರುಗಾ ತಪ್ಪು ಆಗುತ್ತದೆ. ಬೆಳೆದ ಹಸುವೇ ಮೂರಡಿ ಎತ್ತರ, ಬಯಲುಸೀಮೆಯಿಂದ ಹೋದವರು ಮೈಕಟ್ಟು ನೋಡಿ ಇನ್ನೂ ಈಯದ ಕಡಸು ಎಂದುಕೊಳ್ಳುತ್ತಾರೆ. ಬಾಯಿ ತೆಗೆದರೆ ಎಂಟೂ ಹಲ್ಲು ಸವೆದಿರುತ್ತದೆ.

ಕರುಗಳ ವಿಷಯಕ್ಕೆ ಹಲ್ಲು ಕೆಲಸಕ್ಕೆ ಬರುವುದಿಲ್ಲ. ಹುಟ್ಟುವಾಗಲೇ ಕೆಲವು ಹಾಲುಹಲ್ಲು ಇರುತ್ತವೆ, ತಿಂಗಳೊಳಗೆ ಎಂಟೂ ಬರುತ್ತವೆ. ಅಲ್ಲಿಂದ ಒಂದೂವರೆ ವರ್ಷ ದಾಟುವವರೆಗೆ ಹೊಸ ಹಲ್ಲಿಲ್ಲ. ಕಂದುರೋಗದ ಲಸಿಕೆ, ಅಂದರೆ ಬ್ರುಸೆಲ್ಲಾ ಲಸಿಕೆ, ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕಿಸಬೇಕಾದದ್ದು. ಆ ವಯಸ್ಸನ್ನು ಹಲ್ಲಲ್ಲಿ ಹುಡುಕಬೇಡಿ, ಕರು ಹಾಕಿದ ದಿನವೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಹಂತ 6: ಬಾಯ್ಗೂಡಿದ ಮೇಲೆ ಸವೆತ ಓದುವುದು

ಹೊಸ ಹಲ್ಲಿನ ತುದಿ ಉಳಿಯ ಬಾಯಿಯ ಹಾಗೆ ಹರಿತವಾಗಿರುತ್ತದೆ. ಮೇಯುತ್ತಾ ಮೇಯುತ್ತಾ ಅಂಚು ಹೋಗಿ ಮೇಲೆ ಚಪ್ಪಟೆ ಜಾಗ ಮೂಡುತ್ತದೆ. ಇದನ್ನು ಹಲ್ಲು ಮಟ್ಟವಾಗುವುದು ಎನ್ನೋಣ. ಮೊದಲು ಬಂದದ್ದು ಮೊದಲು ಸವೆಯುತ್ತದೆ: ನಡುವಿನ ಜೋಡಿ 6 ವರ್ಷದ ಸುಮಾರಿಗೆ ಮಟ್ಟ, ಎರಡನೇ ಜೋಡಿ 7ಕ್ಕೆ, ಮೂರನೆಯದು 8ಕ್ಕೆ, ಕಡೆಹಲ್ಲು 9ಕ್ಕೆ. ಚಪ್ಪಟೆ ಜಾಗ ಮೊದಲು ಅಡ್ಡಕ್ಕೆ ಉದ್ದವಾಗಿರುತ್ತದೆ, ಬರಬರುತ್ತಾ ಚೌಕ, ಕೊನೆಗೆ ದುಂಡು. ನಡುವೆ ಕಂದು ಗೆರೆಯೋ ಚುಕ್ಕಿಯೋ ಕಂಡರೆ, ಹಲ್ಲಿನ ಒಳಗಿನ ಟೊಳ್ಳು ತುಂಬಿಕೊಂಡ ಜಾಗದವರೆಗೆ ಸವೆತ ಇಳಿದಿದೆ ಎಂದರ್ಥ.

ಹತ್ತು ದಾಟುವಾಗ ವಸಡು ಹಿಂದೆ ಸರಿದು ಹಲ್ಲಿನ ಕುತ್ತಿಗೆ ಹೊರಬರುತ್ತದೆ, ಹಲ್ಲುಗಳ ನಡುವೆ ಸಂದು ಬಿಡುತ್ತದೆ. ಹನ್ನೆರಡರ ಮೇಲೆ ಮೋಟುಗಳು, ಕೆಲವು ಉದುರಿರುತ್ತವೆ.

ಈ ಲೆಕ್ಕವನ್ನು ಏರುಪೇರು ಮಾಡುವುದು ಮೇವು. ಕಡೂರು, ಅರಸೀಕೆರೆಯ ಒಣ ಬಯಲಲ್ಲಿ ಮಣ್ಣು ಮರಳು ಸಮೇತ ಗಿಡ್ಡ ಹುಲ್ಲು ಕಚ್ಚುವ ರಾಸಿನ ಹಲ್ಲು ಬೇಗ ಸವೆಯುತ್ತದೆ. ಕೊಟ್ಟಿಗೆಯಲ್ಲೇ ನಿಂತು ಕತ್ತರಿಸಿದ ಹಸಿಮೇವು, ಬೂಸಾ ತಿನ್ನುವ ಡೈರಿ ಹಸುವಿನದು ನಿಧಾನ. ಇನ್ನು ಇದೇ ಕಡೆಯ ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲನ್ನೇ ಕೆಡಿಸುತ್ತದೆ. ಹಲ್ಲು ಸುಣ್ಣದಂತೆ ಮಂಕಾಗಿ, ಕಂದು ಪಟ್ಟೆ, ಸಣ್ಣ ಗುಳಿ ಕಾಣುತ್ತವೆ. ಅಂಥ ಹಲ್ಲು ಮೃದುವಾಗಿ ಬೇಗ ಕರಗುವುದರಿಂದ ಐದು ವರ್ಷದ ಹಸು ಒಂಬತ್ತರಂತೆ ಕಾಣಬಹುದು. ಪಟ್ಟೆ ಗುಳಿ ಕಂಡಲ್ಲಿ ಸವೆತದ ಲೆಕ್ಕ ಬಿಟ್ಟುಬಿಡಿ.

ಹಿಮನಾಡಿನ ಜಿಂಕೆಗಳಾದ ರೇನ್‌ಡಿಯರ್, ಕ್ಯಾರಿಬೂಗಳ ವಯಸ್ಸು ತಿಳಿಯುವವರಿಗೂ ಇದೇ ಕಷ್ಟ. ಅವು ಎಳೆಯ ವಯಸ್ಸಿನಲ್ಲೇ ಹಲ್ಲೆಲ್ಲ ಹಾಕಿ ಮುಗಿಸುತ್ತವೆ, ಆಮೇಲೆ ಸವೆತವೊಂದೇ ಗತಿ. ಹಾಗಾಗಿ ಅಲ್ಲಿ ಬಾಚಿ ಹಲ್ಲಿನ ಬೇರನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಬೇರಿನ ಮೇಲೆ ವರ್ಷ ವರ್ಷ ಕಟ್ಟುವ ಪದರವನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಕಠಿಣ ಚಳಿಗಾಲವಿರುವ ಕಡೆ ಆ ಗೆರೆಗಳು ಚೆನ್ನಾಗಿ ಮೂಡುತ್ತವೆ. ಕೊಟ್ಟಿಗೆಯ ಜೀವಂತ ಹಸುವಿಗೆ ಅದು ಹೇಳಿದ್ದಲ್ಲ.

ಹಂತ 7: ಬೇರೆ ಗುರುತುಗಳ ಜೊತೆ ತಾಳೆ ನೋಡುವುದು

ಸೂಲಿನ ಲೆಕ್ಕ ಎಲ್ಲಕ್ಕಿಂತ ಉಪಯೋಗ. ಮಿಶ್ರತಳಿ ಕಡಸು 30 ತಿಂಗಳಿಗೆ ಮೊದಲ ಕರು ಹಾಕಿ, ಆಮೇಲೆ 14 ತಿಂಗಳಿಗೊಂದು ಈಯುತ್ತದೆ ಎಂದಿಟ್ಟುಕೊಳ್ಳಿ. ಎರಡನೇ ಸೂಲಿಗೆ 44 ತಿಂಗಳು, ಮೂರನೆಯದಕ್ಕೆ 58. ಎರಡನೇ ಸೂಲಿನ ಹಸುವಿಗೆ ಆರು ಹಲ್ಲು ಪೂರ್ತಿ ಎದ್ದು ಕಡೆಹಲ್ಲು ಬರುತ್ತಿರಬೇಕು, ಇಲ್ಲವೇ ಆಗತಾನೆ ಬಾಯ್ಗೂಡಿರಬೇಕು. ಆದ್ದರಿಂದ "ಎರಡನೇ ಸೂಲು, ಬಾಯ್ಗೂಡಿದೆ" ಎಂದರೆ ಅಷ್ಟಕ್ಕೇ ಸುಳ್ಳೆನ್ನಬೇಡಿ, ಕಡೆಹಲ್ಲಿನ ಅಂಚು ಹರಿತವಾಗಿದೆಯೇ ನೋಡಿ. ಹರಿತವಿದ್ದರೆ ಮಾತು ನಿಜವಿರಬಹುದು. ನಡುವಿನ ಎರಡು ಜೋಡಿಯೂ ಮಟ್ಟವಾಗಿದ್ದರೆ ನಾಲ್ಕೋ ಐದೋ ಸೂಲು ಕಳೆದಿದೆ, ಇಲ್ಲವೇ ನಡುವೆ ಬಹಳ ಕಾಲ ಗಬ್ಬ ನಿಲ್ಲದೆ ಉಳಿದಿದೆ. ಎರಡೂ ಬೆಲೆ ಇಳಿಸುವ ವಿಷಯಗಳೇ.

ಕೊಂಬಿನ ಉಂಗುರ ಎಣಿಸಿ ಎರಡು ಕೂಡಿಸುವುದು ಹಳೆಯ ರೂಢಿ. ಹಳ್ಳಿಕಾರ್ ಜೋಡಿಗಳ ಕೊಂಬನ್ನು ಜಾತ್ರೆಗೆಂದು ಹೆರೆದು ಎಣ್ಣೆ ಹಚ್ಚಿರುತ್ತಾರೆ, ಎಣಿಸಲು ಉಂಗುರವೇ ಇರುವುದಿಲ್ಲ. ಸೀಮೆಹಸುಗಳಿಗೆ ಎಳವೆಯಲ್ಲೇ ಕೊಂಬು ಸುಟ್ಟಿರುತ್ತಾರೆ. ಈ ರೂಢಿಯನ್ನು ಬಿಟ್ಟರೆ ನಷ್ಟವಿಲ್ಲ.

ಕಿವಿಯಲ್ಲಿ 12 ಅಂಕಿಯ ಓಲೆ ಇದ್ದರೆ ಆ ಸಂಖ್ಯೆಯನ್ನು ಪಶು ಆಸ್ಪತ್ರೆಯಲ್ಲಿ ಕೊಟ್ಟು ದಾಖಲೆಯ ವಯಸ್ಸು ಕೇಳಿ. ಅದೂ ಓಲೆ ಹಾಕಿದ ದಿನ ಅಂದಾಜಿನಿಂದ ಬರೆದದ್ದಿರಬಹುದು, ಹಲ್ಲಿನ ಜೊತೆ ಹೊಂದಬೇಕು ಅಷ್ಟೆ.

ಹೆಚ್ಚಾಗಿ ತಪ್ಪುವುದು ಇಲ್ಲಿ

ಉದುರಿದ ಕಡೆಹಲ್ಲು: ಮುದಿ ರಾಸಿನ ಎರಡು ಕಡೆಹಲ್ಲು ಬಿದ್ದು ಆರು ಉಳಿದರೆ "ಆರು ಹಲ್ಲು" ಎಂದು ಮಾರುವುದುಂಟು. ನಿಜವಾದ ಆರು ಹಲ್ಲಿನ ರಾಸಿಗೆ ಎರಡೂ ತುದಿಯಲ್ಲಿ ಪುಟ್ಟ ಹಾಲುಹಲ್ಲು ಇದ್ದೇ ಇರಬೇಕು, ಇಲ್ಲವೇ ವಸಡು ಉಬ್ಬಿ ಹೊಸ ಹಲ್ಲಿನ ತುದಿ ಕೈಗೆ ಸಿಗಬೇಕು. ತುದಿ ಬರೀ ಬೋಳಾಗಿ, ನಡುವಿನವು ಸವೆದಿದ್ದರೆ ಅದು ಮುದಿಯೇ.

ಅಲುಗಾಡುವ ಹಲ್ಲು: ದನದ ಬಾಚಿ ಹಲ್ಲು ಆರೋಗ್ಯವಾಗಿದ್ದಾಗಲೂ ಸ್ವಲ್ಪ ಅಲುಗಾಡುತ್ತದೆ. ಅದು ಮುಪ್ಪಿನ ಗುರುತಲ್ಲ.

ಬೀಳದ ಹಾಲುಹಲ್ಲು: ಹೊಸ ಹಲ್ಲು ಹಿಂದಿನಿಂದ ಬಂದರೂ ಮುಂದೆ ಹಾಲುಹಲ್ಲು ಅಂಟಿಕೊಂಡಿರುತ್ತದೆ. ಮುಂದಿನಿಂದಷ್ಟೇ ನೋಡಿದವರು ಒಂದು ಜೋಡಿ ಕಡಿಮೆ ಎಣಿಸುತ್ತಾರೆ. ಮೇಲಿನಿಂದಲೂ ನೋಡಿ.

ಕುರಿ, ಮೇಕೆಗೆ

ಕ್ರಮ ಇದೇ, ಗಡುವು ಬೇಗ. ಕುರಿಯನ್ನು ಎರಡು ಮೊಣಕಾಲ ನಡುವೆ ಹಿಡಿದು ಗದ್ದ ಎತ್ತಿ ತುಟಿ ಬಿಡಿಸಿದರೆ ಸಾಕು, ಬಾಯಿ ತೆರೆಸಬೇಕಿಲ್ಲ. ಎರಡು ಹಲ್ಲಿಗೆ 1ರಿಂದ 1½ ವರ್ಷ, ನಾಲ್ಕಕ್ಕೆ 1½ರಿಂದ 2, ಆರಕ್ಕೆ 2½ರಿಂದ 3, ಬಾಯ್ಗೂಡಲು 3½ರಿಂದ 4. ಬಕ್ರೀದ್‌ಗೆ ಹೋತ ಕೊಳ್ಳುವವರು "ಎರಡು ಹಲ್ಲು ಹಾಕಿರಬೇಕು" ಎಂದು ಕೇಳುವುದು ವರ್ಷ ತುಂಬಿದ್ದು ಖಾತ್ರಿಯಾಗಲಿ ಎಂದು. ವರ್ಷ ತುಂಬಿಯೂ ಹಲ್ಲು ಹಾಕದ ಹೋತ ಬೇಕಾದಷ್ಟಿವೆ, ಆದರೆ ಸಂತೆಯಲ್ಲಿ ಅದನ್ನು ಸಾಬೀತು ಮಾಡುವ ದಾರಿಯಿಲ್ಲ. ಮಂದೆಗೆ ಹೆಣ್ಣು ಕುರಿ ಕೊಳ್ಳುವವರು ಎರಡರಿಂದ ಆರು ಹಲ್ಲಿನೊಳಗಿನದು ನೋಡಿ. ಹಲ್ಲು ಉದುರಿದ ಕುರಿ ಗಿಡ್ಡ ಹುಲ್ಲು ಕಚ್ಚಲಾರದೆ ಬೇಸಿಗೆಯಲ್ಲಿ ಬಡಕಲಾಗುತ್ತದೆ.

ಹಂತ 8: ಬರೆದಿಡುವುದು

ತುಟಿ ಕೆಳಗೆ ಒತ್ತಿಹಿಡಿದು ಎದುರಿನಿಂದ ಒಂದು ಫೋಟೊ, ಬಾಯಿ ತೆರೆಸಿ ಮೇಲಿನಿಂದ ಒಂದು, ಕಿವಿಯೋಲೆಯ ಸಂಖ್ಯೆ ಕಾಣುವಂತೆ ಒಂದು. ಹಲ್ಲಿನ ಮೇಲೆ ನೇರ ಬಿಸಿಲು ಬೀಳದಿರಲಿ, ಹೊಳಪಿನಲ್ಲಿ ಗೆರೆಗಳು ಮಾಯವಾಗುತ್ತವೆ. ಚೀಟಿಯಲ್ಲಿ ಹೀಗೆ ಬರೆಯಿರಿ: "ಹಳ್ಳಿಕಾರ್ ಹೋರಿ, ಆರು ಹಲ್ಲು, ಮೂರನೇ ಜೋಡಿ ಅರ್ಧ ಎದ್ದಿದೆ, ಕಡೆಹಲ್ಲು ಹಾಲುಹಲ್ಲು. ಅಂದಾಜು 4 ವರ್ಷ, 3½ರಿಂದ 4½ರೊಳಗೆ." ನೋಡಿದ ತಾರೀಖು ಮರೆಯಬೇಡಿ.

ಇನ್ಶೂರೆನ್ಸ್‌ಗೆ ನಿಮ್ಮ ಅಂದಾಜು ನಡೆಯುವುದಿಲ್ಲ, ಪಶುವೈದ್ಯರೇ ನೋಡಿ ಪ್ರಮಾಣಪತ್ರ ಕೊಡಬೇಕು. ಅವರು ಬರೆಯುವ ಮುನ್ನ ಹಲ್ಲು ನೋಡುತ್ತಾರೆಯೇ ಗಮನಿಸಿ. ನೋಡದೆ ನೀವು ಹೇಳಿದ್ದನ್ನೇ ಬರೆಯುತ್ತಿದ್ದರೆ ಒಮ್ಮೆ ಬಾಯಿ ನೋಡಿ ಎಂದು ಕೇಳಿ. ರಾಸು ಸತ್ತ ಮೇಲೆ ಪಾಲಿಸಿಯ ವಯಸ್ಸಿಗೂ ಮರಣೋತ್ತರ ಪರೀಕ್ಷೆಯ ವಯಸ್ಸಿಗೂ ಹೊಂದಿಕೆಯಾಗದಿದ್ದರೆ ಹಣ ತಡೆಹಿಡಿಯುತ್ತಾರೆ, ಆಗ ಹಲ್ಲು ತೋರಿಸಲು ರಾಸು ಇರುವುದಿಲ್ಲ.